ಸ್ವಲ್ಪ ಬೆಳ್ಳಗೆ ಮಾಡಿ

"ಅಣ್ಣಾ, ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ."

ಕೇಳುಗರೆ, ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಫೋಟೋ, ವಿಡಿಯೋ ಸ್ಟುಡಿಯೋ ಇದೆ. ಅಲ್ಲಿ ದಿನಕ್ಕೆ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುವ ಮಾತು ಇದು. ಪಾಸ್‌ಪೋರ್ಟ್ ಸೈಜ್ ತೆಗೆಸಲು ಬಂದ ಹುಡುಗಿ ಹೇಳುತ್ತಾಳೆ. ಮಗಳ ಮದುವೆ ಆಲ್ಬಂ ನೋಡಲು ಬಂದ ತಾಯಿ ಹೇಳುತ್ತಾರೆ. ಮೀಸೆ ಚಿಗುರುತ್ತಿರುವ ಹುಡುಗರೂ ಪಕ್ಕದಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಹೇಳುತ್ತಾರೆ. ಸ್ಟುಡಿಯೋ ಕೆಲಸದ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಾಗ, ಕ್ಯಾಮೆರಾ, ಡ್ರೋನ್ ಅಂತೆಲ್ಲ ಹೇಳುವುದಕ್ಕಿಂತ ಈ ಒಂದು ಮಾತಿನ ಬಗ್ಗೆಯೇ ಹೇಳಬೇಕು ಅನ್ನಿಸಿತು.

ಬೆಳ್ಳಗೆ ಮಾಡಿಕೊಡುವುದು ಬಹಳ ಸುಲಭ. ಕಾಲೇಜು ಅಡ್ಮಿಷನ್ ಶುರುವಾದರೆ ಬೆಳಗ್ಗೆಯಿಂದ ಕ್ಯೂ ಇರುತ್ತದೆ. ಸ್ಟೂಲ್ ಮೇಲೆ ಕೂತವರು ಎದ್ದು ಬರುವಷ್ಟರಲ್ಲಿ ಫೋಟೋ ಕಂಪ್ಯೂಟರಿಗೆ ಬಂದಿರುತ್ತದೆ. ಅಳತೆಗೆ ಕತ್ತರಿಸಿ, 4 ಇಂಚು 6 ಇಂಚಿನ ಹಾಳೆಯಲ್ಲಿ 8 ಫೋಟೋ ಕೂರಿಸುತ್ತೇವೆ. ನಡುವೆ ಮೌಸ್ ಹಿಡಿದು ಒಂದು ಗುಂಡಿಯನ್ನು ಬಲಕ್ಕೆ ಎಳೆದರೆ ಮುಖ ಬೆಳ್ಳಗಾಗುತ್ತದೆ. 10 ಸೆಕೆಂಡಿನ ಕೆಲಸ. ಈಗಂತೂ ಕೆಲವು ಮೊಬೈಲುಗಳು ಯಾರೂ ಕೇಳದೇನೇ ಮಾಡಿಬಿಡುತ್ತವೆ. ನಾನೂ ವರ್ಷಗಟ್ಟಲೆ ಎಳೆದಿದ್ದೇನೆ. ಗಿರಾಕಿ ಖುಷಿಯಾಗಿ ಹೋದರೆ ಸಾಕು ಅಂದುಕೊಂಡಿದ್ದೆ.

ಅದೇ ಸ್ಟುಡಿಯೋಕ್ಕೆ ಅಕ್ಷಯ ತೃತೀಯದ ಮುಂಚೆ ಒಡವೆ ಅಂಗಡಿಯವರ ಕೆಲಸ ಬರುತ್ತದೆ. ಆ ದಿನ ಬೇರೆ ಯಾವ ಕೆಲಸವೂ ಇಲ್ಲ. ಒಡವೆ ಪೆಟ್ಟಿಗೆಯ ಜೊತೆ ಅಂಗಡಿಯ ಹುಡುಗರಿಬ್ಬರು ಬರುತ್ತಾರೆ. ಪಟ್ಟಿ ನೋಡಿ, ಎಣಿಸಿ, ತೂಕದ ಚೀಟಿ ಸಮೇತ ಒಂದೊಂದೇ ಕೊಡುತ್ತಾರೆ. ನಾವು ಕೈಗೆ ಹತ್ತಿಯ ಗ್ಲೌಸ್ ಹಾಕಿಕೊಂಡು ಮುಟ್ಟುತ್ತೇವೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಕಾಣುತ್ತದೆ.

ಚಿನ್ನದ ಫೋಟೋ ತೆಗೆಯುವುದು ಅಂದರೆ ಕನ್ನಡಿಯ ಫೋಟೋ ತೆಗೆದ ಹಾಗೆ. ಎದುರಿಗೆ ಏನಿದೆಯೋ ಅದೆಲ್ಲ ಅದರಲ್ಲಿ ಕಾಣುತ್ತದೆ. ಕ್ಯಾಮೆರಾದ ಕಪ್ಪು, ನನ್ನ ಅಂಗಿ, ಮೂಲೆಯಲ್ಲಿರುವ ಫ್ಯಾನು, ಎಲ್ಲವೂ. ಹಾಗಾಗಿ ಸುತ್ತಲೂ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸುತ್ತೇವೆ. ಮೇಲೆ ಬಟರ್ ಪೇಪರ್ ಕಟ್ಟಿ, ಅದರ ಹಿಂದಿನಿಂದ ಲೈಟ್ ಬಿಡುತ್ತೇವೆ. ಬೆಳಕು ಸೋಸಿದ ಹಾಗೆ ಬೀಳುತ್ತದೆ. ಆಮೇಲೆ ಒಂದು ಪಕ್ಕದಲ್ಲಿ ಬೇಕಂತಲೇ ಕಪ್ಪು ಕಾಗದದ ಸಣ್ಣ ಪಟ್ಟಿ ಇಡುತ್ತೇವೆ. ಸರದ ಅಂಚಿಗೆ ಆ ಕಪ್ಪು ಗೆರೆ ಬೀಳದಿದ್ದರೆ ಚಿನ್ನ ಚಪ್ಪಟೆಯಾಗಿ ಕಾಣುತ್ತದೆ. ಒಂದು ಲಕ್ಷ್ಮೀ ಪದಕದ ಸರಕ್ಕೆ ಇಷ್ಟೆಲ್ಲ ಹೊಂದಿಸುವುದರಲ್ಲಿ ಅರ್ಧ ದಿನ ಹೋಗಿದ್ದೂ ಇದೆ. ಹತ್ತಿರದಿಂದ ತೆಗೆಯುವಾಗ ಪದಕ ನಿಚ್ಚಳವಾದರೆ ಹಿಂದಿನ ಕೊಂಡಿ ಮಸುಕು. ಆಗ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾ 15, 20 ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದು ಮಾಡುತ್ತೇವೆ.

ಇಷ್ಟಾದ ಮೇಲೆ ಯಜಮಾನರು ಬಂದು ಕೂರುತ್ತಾರೆ. ಪೆಟ್ಟಿಗೆಯಿಂದ ಸರ ತೆಗೆದು ಮಾನಿಟರ್ ಪಕ್ಕದಲ್ಲೇ ಹಿಡಿಯುತ್ತಾರೆ. "ಇಲ್ಲಿ ಸ್ವಲ್ಪ ಕೆಂಪಗಿದೆ, ಅಲ್ಲಿ ಹಳದಿ ಜಾಸ್ತಿ ಆಯ್ತು ನೋಡಿ" ಅನ್ನುತ್ತಾರೆ. ಅವರ ಕಣ್ಣು ಬಹಳ ಸೂಕ್ಷ್ಮ. ಫೋಟೋದಲ್ಲಿ ಒಂದು ಬಣ್ಣ, ಅಂಗಡಿಯಲ್ಲಿ ಒಂದು ಬಣ್ಣ ಆದರೆ ಗಿರಾಕಿಯ ನಂಬಿಕೆ ಹೋಗುತ್ತದೆ ಅನ್ನುವುದು ಅವರ ಮಾತು. ನೂರಕ್ಕೆ ನೂರು ಸರಿ. ಸೀರೆ ಅಂಗಡಿಯವರೂ ಹಾಗೇ. ಗಿಳಿಹಸಿರು ಸೀರೆ ಎಲೆಹಸಿರಾಗಿ ಅಚ್ಚಾದರೆ ಫ್ಲೆಕ್ಸ್ ವಾಪಸ್ ಬರುತ್ತದೆ.

ಆ ಸರವನ್ನು ಕೊಂಡು, ಆ ಸೀರೆ ಉಟ್ಟು ಮಂಟಪದಲ್ಲಿ ಕೂತ ಹುಡುಗಿಯ ಫೋಟೋ ನೋಡಲು ಬಂದವರು ಮಾತ್ರ ಬೇರೆಯೇ ಹೇಳುತ್ತಾರೆ. ಸರ ಇದ್ದ ಹಾಗೇ ಇರಲಿ. ಸೀರೆ ಇದ್ದ ಹಾಗೇ ಇರಲಿ. ಮುಖವನ್ನು ಸ್ವಲ್ಪ ಬೆಳ್ಳಗೆ ಮಾಡಿ.

ಇದರಲ್ಲಿ ಬರೀ ಗಿರಾಕಿಗಳ ತಪ್ಪಿಲ್ಲ. ನಮ್ಮ ಸಾಮಾನುಗಳ ಪಾಲೂ ಇದೆ. ಫಿಲ್ಮ್ ಕಾಲದಲ್ಲಿ, 1950ರ ದಶಕದಿಂದ ಈಚೆಗೆ, ಕೊಡಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಫೋಟೋ ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಬಿಳಿ ಬಣ್ಣದ ಹೆಂಗಸು. ಶರ್ಲಿ ಕಾರ್ಡ್ ಅಂತ ಅದರ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ನಮ್ಮಂಥವರ ಮುಖ ಅದರಲ್ಲಿ ಮಸಿ ಬಳಿದ ಹಾಗೆ ಬಂದರೆ ಕೇಳುವವರೇ ಇರಲಿಲ್ಲ. ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ ಚಾಕೊಲೇಟ್ ಕಂಪನಿಗಳು, ಮರದ ಪೀಠೋಪಕರಣದ ಕಂಪನಿಗಳು ತಕರಾರು ತೆಗೆದವು. ಆಮೇಲೆ ಫಿಲ್ಮ್ ಸುಧಾರಿಸಿತು. ಇದನ್ನು ಮೊದಲ ಸಲ ತಿಳಿದಾಗ ನನಗೆ ನಮ್ಮ ಒಡವೆ ಅಂಗಡಿಯೇ ಕಣ್ಣ ಮುಂದೆ ಬಂತು.

ಕ್ಯಾಮೆರಾದ ಒಳಗಿನ ಬೆಳಕಿನ ಅಳತೆಯೂ ಅಷ್ಟೇ. ಎದುರಿಗೆ ಏನೇ ಇದ್ದರೂ ಅದು ನಡುಮಧ್ಯದ ಬೂದು ಬಣ್ಣ ಅಂತ ಅಂದುಕೊಂಡು ಅಳೆಯುತ್ತದೆ. ನಮ್ಮ ಕಡೆ ಮದುಮಗ ಮುಹೂರ್ತಕ್ಕೆ ಬಿಳಿ ಪಂಚೆ, ಬಿಳಿ ಶಲ್ಯದಲ್ಲಿ ಕೂತಿರುತ್ತಾನೆ. ಅಷ್ಟು ಬಿಳಿ ಕಂಡ ಕೂಡಲೇ ಕ್ಯಾಮೆರಾ ಬೆಳಕು ಜಾಸ್ತಿ ಆಯ್ತು ಅಂತ ಕಡಿಮೆ ಮಾಡುತ್ತದೆ. ಪಂಚೆ ಬೂದಾಗುತ್ತದೆ, ಹುಡುಗನ ಮುಖ ಕತ್ತಲೆಗೆ ಹೋಗುತ್ತದೆ. ಸಾಲದ್ದಕ್ಕೆ ಛತ್ರದ ದೀಪಗಳು. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಟ್ಯೂಬ್‌ಲೈಟಿನ ಹಸಿರು ಛಾಯೆ. ಆರತಕ್ಷತೆಯ ರಾತ್ರಿ ಹಿಂದುಗಡೆ ಎಲ್‌ಇಡಿ ಪರದೆ ನೇರಳೆಯಾಗಿ ಉರಿಯುತ್ತಿರುತ್ತದೆ. ಆ ಬೆಳಕಿನಲ್ಲಿ ಯಾರ ಮುಖವೂ ಅವರದ್ದಾಗಿ ಕಾಣುವುದಿಲ್ಲ. ಹೀಗೆ ಕೆಟ್ಟ ಫೋಟೋವನ್ನು ನೋಡಿ ತಾಯಿ "ನಮ್ಮ ಹುಡುಗಿ ಇಷ್ಟು ಕಪ್ಪಿಲ್ಲಪ್ಪಾ" ಅಂದರೆ ಅವರು ಹೇಳುತ್ತಿರುವುದು ನಿಜ. ಅವರಿಗೆ ಕೊಡಬೇಕಾದದ್ದು ಸರಿಯಾದ ಬಣ್ಣ. ನಾವು ಕೊಡುತ್ತಿದ್ದದ್ದು ಬಿಳಿ ಬಣ್ಣ.

ಕಪ್ಪು ಮೈಗೆ ಬೆಳಕು ಹೇಗೆ ಬಿಡಬೇಕು ಅಂತ ನನಗೆ ಕಲಿಸಿದ್ದು ಬೇಲೂರು. ಪ್ರೀ ವೆಡ್ಡಿಂಗ್ ಕೆಲಸಕ್ಕೆ ಶೆಟ್ಟಿಹಳ್ಳಿಯ ಹಳೇ ಚರ್ಚು, ಸಕಲೇಶಪುರದ ಗುಡ್ಡ ಅಂತ ಓಡಾಡುವಾಗ ಬಿಡುವಾದರೆ ಬೇಲೂರಿಗೆ ಹೋಗುತ್ತಿದ್ದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಆ ಕಲ್ಲು ಬಳಪದ ಕಲ್ಲು. ತಿರುಗಣಿಯಲ್ಲಿ ಕಡೆದ ಒಳಗಿನ ಕಂಬಗಳು ನುಣುಪಾಗಿ ಹೊಳೆಯುತ್ತವೆ. ಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ನೋಡಿದರೆ ಹೊರಗಿನ ಗೋಡೆ ಸಪ್ಪೆ. ಬೆಳಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಅದೇ ಗೋಡೆಯಲ್ಲಿ ಆನೆಗಳ ಸೊಂಡಿಲು ಎದ್ದು ಬರುತ್ತದೆ, ಕುದುರೆ ಸವಾರರ ಕಾಲು ಎಣಿಸಬಹುದು. ಕಪ್ಪು ಮೈ ಚೆನ್ನಾಗಿ ಕಾಣುವುದು ಅದರ ಮೇಲಿನ ಹೊಳಪಿನಿಂದ. ನೇರವಾಗಿ ಮುಖಕ್ಕೆ ಫ್ಲಾಶ್ ಹೊಡೆದರೆ ಆ ಹೊಳಪು ಸತ್ತುಹೋಗುತ್ತದೆ. ದೊಡ್ಡ, ಮೆತ್ತನೆ ಬೆಳಕನ್ನು ಪಕ್ಕದಿಂದ ಬಿಡಬೇಕು. ಕೆನ್ನೆಯ ಮೂಳೆ, ಮೂಗಿನ ಅಂಚು, ಕುತ್ತಿಗೆಯ ತಿರುವು ಆಗ ತಾವಾಗಿ ಬರುತ್ತವೆ. ಪೌಡರ್ ಬಳಿಯುವುದೂ ಬೇಡ. ಎಣ್ಣೆಗಪ್ಪು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಎಣ್ಣೆ ಅಂದರೇನು ಅಂತ ಆಗ ಗೊತ್ತಾಗುತ್ತದೆ.

ಇಷ್ಟೆಲ್ಲ ತಿಳಿದದ್ದು ನಿಧಾನವಾಗಿ. ಅದಕ್ಕೂ ಮುಂಚೆ ನಡೆದ ಒಂದು ವಿಷಯ ಹೇಳಬೇಕು.

ಅರಕಲಗೂಡು ಕಡೆಯ ಒಂದು ಮನೆಯ ಮದುವೆಯನ್ನು ನಾವು ಮಾಡಿದ್ದೆವು. ಹೆಣ್ಣಿನ ತಂದೆ ಬೇಸಾಯಗಾರರು. ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವವರು. ಆಗಿನ ರೂಢಿಯಂತೆ ಆಲ್ಬಮ್ಮಿಗೆ ಆರಿಸಿದ ಫೋಟೋಗಳನ್ನೆಲ್ಲ ಒಟ್ಟಿಗೆ ಬೆಳ್ಳಗೆ ಮಾಡಿ, ಚರ್ಮ ನುಣುಪು ಮಾಡಿ ಲ್ಯಾಬಿಗೆ ಕಳಿಸಿದ್ದೆವು. ಆಲ್ಬಂ ನೋಡಿ ಮನೆಯವರೆಲ್ಲ ಖುಷಿಪಟ್ಟರು. ಆರು ತಿಂಗಳ ಮೇಲೆ ಹಾರ್ಡ್ ಡಿಸ್ಕ್ ತುಂಬಿತು ಅಂತ ಮೂಲ ಫೋಟೋಗಳನ್ನು ಅಳಿಸಿದೆ. ಬೆಳ್ಳಗೆ ಮಾಡಿದವು ಮಾತ್ರ ಉಳಿದವು.

ಸುಮಾರು ವರ್ಷದ ಮೇಲೆ ಆ ಮನೆಯ ಎರಡನೇ ಮಗಳು ತಾಯಿಯನ್ನು ಕರೆದುಕೊಂಡು ಬಂದಳು. ತಂದೆ ಹೋಗಿಬಿಟ್ಟಿದ್ದರು. ತಿಥಿಗೆ ಎರಡು ದಿನ ಇತ್ತು. ಅಕ್ಕನ ಧಾರೆಯ ಫೋಟೋದಲ್ಲಿ ಅಪ್ಪ ಚೆನ್ನಾಗಿದ್ದಾರೆ, ಅದನ್ನೇ ದೊಡ್ಡದು ಮಾಡಿಕೊಡಿ ಅಂದಳು. ಮುಖ ಮಾತ್ರ ತೆಗೆದು 12 ಇಂಚು 18 ಇಂಚಿಗೆ ಪ್ರಿಂಟ್ ಮಾಡಿ ಮುಂದಿಟ್ಟೆ.

ಅವಳು ಬಹಳ ಹೊತ್ತು ನೋಡಿದಳು. "ಅಣ್ಣಾ, ನಮ್ಮಪ್ಪ ಹೀಗಿರಲಿಲ್ಲ" ಅಂದಳು. ಹಣೆಯ ಮೇಲೆ ಎತ್ತಿನ ಕೊಂಬು ತಾಗಿದ ಗುರುತು ಇತ್ತಂತೆ. ಅದು ಇಲ್ಲ. ಕತ್ತಿನ ಹತ್ತಿರ ಅಂಗಿ ಮುಚ್ಚಿದ ಕಡೆ ಒಂದು ಬಣ್ಣ, ಬಿಸಿಲು ಬಿದ್ದ ಕಡೆ ಒಂದು ಬಣ್ಣ, ನಡುವೆ ಗೆರೆ ಎಳೆದ ಹಾಗೆ ಇರುತ್ತಿತ್ತಂತೆ. ಅದೂ ಇಲ್ಲ. ಎಲ್ಲ ಒಂದೇ ಬಿಳಿ.

ಕಂಪ್ಯೂಟರಿನಲ್ಲಿ ಗುಂಡಿಯನ್ನು ಎಡಕ್ಕೆ ಎಳೆದು ನೋಡಿದೆ. ಮುಖ ಬೂದಿ ಬಣ್ಣಕ್ಕೆ ತಿರುಗಿತೇ ಹೊರತು ಅವರ ಬಣ್ಣ ಬರಲಿಲ್ಲ. ಒಮ್ಮೆ ಪೂರ್ತಿ ಬಿಳಿಗೆ ಹೋದ ಜಾಗದಲ್ಲಿ ಆಮೇಲೆ ಹುಡುಕಿದರೆ ಏನೂ ಇರುವುದಿಲ್ಲ. ನನಗೆ ಮುಖ ಎತ್ತಿ ಅವರನ್ನು ನೋಡಲು ಆಗಲಿಲ್ಲ. ಒಬ್ಬ ಮನುಷ್ಯ ಜೀವಮಾನವೆಲ್ಲ ಬಿಸಿಲಲ್ಲಿ ದುಡಿದು ಗಳಿಸಿದ ಬಣ್ಣವನ್ನು ನಾನು ಅಳಿಸಿದ್ದೆ.

ಅವತ್ತಿನಿಂದ ಮೂಲ ಫೋಟೋಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇವೆ, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಶೂಟಿಂಗ್ ಶುರುವಾಗುವ ಮುಂಚೆ ಮಂಟಪದ ಬೆಳಕಿನಲ್ಲಿ ಬೂದು ಕಾರ್ಡ್ ಹಿಡಿದು ಬಣ್ಣ ಹೊಂದಿಸಿಕೊಳ್ಳುತ್ತೇವೆ. ಯಾರಾದರೂ ಬೆಳ್ಳಗೆ ಮಾಡಿ ಅಂದರೆ ಬೆಳಕು ಸರಿ ಮಾಡಿದ ಫೋಟೋ ತೋರಿಸಿ, ಇದನ್ನು ಒಮ್ಮೆ ನೋಡಿ ಅನ್ನುತ್ತೇನೆ. ಬಹಳ ಜನ ಒಪ್ಪುತ್ತಾರೆ. ಒಪ್ಪದವರ ಜೊತೆ ಕೂತು ಮಾತಾಡುತ್ತೇನೆ. ಕೆಲಸ ಕೈಬಿಟ್ಟು ಹೋದದ್ದೂ ಉಂಟು.

ಅವತ್ತು ಅವರನ್ನು ಕೂರಿಸಿ ಅಟ್ಟ ಹತ್ತಿದೆ. ಆ ಮದುವೆಯ ವಿಡಿಯೋ ತೆಗೆದದ್ದು ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲಿ ಅಂತ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಹಳೇ ಕ್ಯಾಮೆರಾಕ್ಕೆ ಕ್ಯಾಸೆಟ್ ಹಾಕಿ ಟಿವಿಗೆ ಜೋಡಿಸಿದೆ. ಮೊದಲು ಗೆರೆಗಳು ಬಂದವು. ಆಮೇಲೆ ಓಲಗ ಕೇಳಿಸಿತು. ವಿಡಿಯೋಕ್ಕೆ ಯಾರೂ ಬಣ್ಣ ತಿದ್ದಿರಲಿಲ್ಲ. ಧಾರೆ ಎರೆಯುವ ಹೊತ್ತಿಗೆ ನಮ್ಮ ವಿಡಿಯೋ ಹುಡುಗ ತಂದೆಯ ಮುಖಕ್ಕೆ ಜೂಮ್ ಮಾಡಿದ್ದ. ಹಣೆಯ ಗುರುತು ಇತ್ತು. ಕತ್ತಿನ ಗೆರೆ ಇತ್ತು. ಅಲ್ಲೇ ನಿಲ್ಲಿಸಿ ಆ ಒಂದು ಚಿತ್ರವನ್ನು ಇಳಿಸಿಕೊಂಡೆ.

ಆ ಕ್ಯಾಸೆಟ್ಟಿನ ಚಿತ್ರ ಅಂದರೆ 720ಕ್ಕೆ 576 ಚುಕ್ಕಿ, ಅಷ್ಟೇ. ದೊಡ್ಡದು ಮಾಡಿದರೆ ಒಡೆದುಹೋಗುತ್ತದೆ. ಪಾಸ್‌ಪೋರ್ಟ್ ಫೋಟೋ ಹಾಕುವ ಅದೇ 4 ಇಂಚು 6 ಇಂಚಿನ ಹಾಳೆಯಲ್ಲಿ ಪ್ರಿಂಟ್ ಮಾಡಿಕೊಟ್ಟೆ. ಮಗಳು ಅದನ್ನು ತಾಯಿಯ ಕೈಗೆ ಕೊಟ್ಟಳು. ಅವರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಹಿಡಿದುಕೊಂಡರು. ಬಾಗಿಲ ಹತ್ತಿರ ಬೆಳಕಿಗೆ ತಿರುಗಿಸಿ ನೋಡಿದರು.

"ಈಗ ತಾನೇ ಹೊಲದಿಂದ ಬಂದ ಹಾಗಿದ್ದಾರೆ ಅಲ್ವಾ" ಅಂದರು.