ಒಂದು ಅಕ್ಷರ, ಎಂಟು ಪಟ್ಟು ತಪ್ಪು

ಎಲ್ರಿಗೂ ನಮಸ್ಕಾರ. ಜರ್ನಲಿಸಂ ಮಕ್ಕಳಿಗೆ ಮೆಮೊರಿ ಚಿಪ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಮೇಡಂ ಕರೆದ್ರು, ಏನ್ ಹೇಳೋದಪ್ಪಾ ಅಂತ ಯೋಚಿಸಿ ಕೊನೆಗೆ ಮನೇಲಿದ್ದ ಕಂಪ್ಯೂಟರ್ ಬಿಚ್ಚಿ ಇದನ್ನೇ ಕಿತ್ಕೊಂಡು ಬಂದೆ. ರ‍್ಯಾಮ್ ಸ್ಟಿಕ್, 16 ಗಿಗಾಬೈಟ್. ಮೇಲೆ ಕಪ್ಪಗೆ ಸಾಲಾಗಿ ಕೂತಿವೆಯಲ್ಲ, ಎಣಿಸಿ. ಎಂಟು. ಒಂದೊಂದೂ 16 ಗಿಗಾಬಿಟ್ ಚಿಪ್. ಎಂಟು ಬಿಟ್ಟಿಗೆ ಒಂದು ಬೈಟು, ಅಂದ್ರೆ ಒಂದು ಚಿಪ್ಪಲ್ಲಿ ಹಿಡಿಯೋದು 2 ಗಿಗಾಬೈಟ್, ಎಂಟೂ ಸೇರಿದ್ರೆ 16.

ಈಗ ಪೇಪರ್ ತಗೊಳ್ಳಿ. ಸಗಟು ಮಾರ್ಕೆಟ್ಟಲ್ಲಿ ರೇಟ್ ಹೇಳೋದು ಬಿಡಿ ಚಿಪ್ಪಿಗೆ, ಗಿಗಾಬಿಟ್ ಲೆಕ್ಕದಲ್ಲಿ. ಪೇಪರಲ್ಲಿ ಬರೋದು "16 ಜಿಬಿ ಮೆಮೊರಿ ಬೆಲೆ ಇಷ್ಟು" ಅಂತ. ನಮ್ಮ ಭಾವ ಅದನ್ನ ಓದ್ಕೊಂಡು ಎಸ್‌ಪಿ ರೋಡಿಗೆ ಹೋಗಿ, ಅಲ್ಲಿಂದಲೇ ನಂಗೆ ಫೋನ್ ಮಾಡಿ, "ಇವ್ನು ಹಗಲುದರೋಡೆ ಮಾಡ್ತಿದಾನೆ ಕಣಯ್ಯಾ, ಪೇಪರ್ ರೇಟಿಗಿಂತ ಎಂಟು ಪಟ್ಟು ಜಾಸ್ತಿ ಕೇಳ್ತಾನೆ" ಅಂದ್ರು. ಪಾಪ ಅಂಗಡಿಯವನದೇನೂ ತಪ್ಪಿಲ್ಲ, ಅವನ ಹತ್ರ ಇರೋದು ಎಂಟು ಚಿಪ್ಪು! ಇಂಗ್ಲಿಷಲ್ಲಾದ್ರೂ ಬಿಟ್ಟಿಗೆ ಸಣ್ಣ ಬಿ, ಬೈಟಿಗೆ ದೊಡ್ಡ ಬಿ ಅಂತ ಒಂದು ಗುರುತಿದೆ. ನಮ್ಮ ಲಿಪೀಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋದೇ ಇಲ್ವಲ್ಲ, ಜಿಬಿ ಅಂತ ಬರೆದ್ರೆ ಮುಗೀತು, ಎರಡೂ ಒಂದೇ. ಅದಕ್ಕೇ ಹೇಳ್ತೀನಿ, ಕನ್ನಡದಲ್ಲಿ ಬರೆಯೋರು ಗಿಗಾಬಿಟ್, ಗಿಗಾಬೈಟ್ ಅಂತ ಪೂರ್ತಿ ಬರೀರಿ, ಜಾಗ ಸಾಲದಿದ್ರೆ ಪಕ್ಕದ ರಾಶಿಭವಿಷ್ಯದಲ್ಲಿ ಒಂದ್ ಸಾಲು ಕಿತ್ತಾಕಿ.

ಇನ್ನೊಂದು. 2019ರ ಜೂನಲ್ಲಿ ಜಪಾನಿನ ಯೊಕ್ಕಾಯಿಚೀಲಿ, ತೋಷಿಬಾ ಮೆಮೊರಿ ಮತ್ತೆ ವೆಸ್ಟರ್ನ್ ಡಿಜಿಟಲ್ ಸೇರಿ ಆಗ ನಡೆಸ್ತಿದ್ದ ಫ್ಲ್ಯಾಶ್ (ಪೆನ್‌ಡ್ರೈವಲ್ಲಿರೋ ಥರದ ಮೆಮೊರಿ) ಫ್ಯಾಕ್ಟರೀಲಿ ಸುಮಾರು 13 ನಿಮಿಷ ಕರೆಂಟ್ ಹೋಯ್ತು. ನಮ್ಮ ನ್ಯೂಸ್ ಡೆಸ್ಕಲ್ಲಿ ಕೂತೋರಿಗೆ ಇದು ಸುದ್ದೀನೇ ಅಲ್ಲ, ಬೆಸ್ಕಾಂ ಊರಲ್ಲಿ 13 ನಿಮಿಷ ಅಂದ್ರೆ ಯುಪಿಎಸ್ ಕೂಡ ಬೀಪ್ ಅನ್ನಲ್ಲ. ಆದ್ರೆ ಅಲ್ಲಿ ಒಂದು ವೇಫರ್, ಅಂದ್ರೆ ಚಿಪ್ಪುಗಳು ಮೂಡೋ ಸಿಲಿಕಾನ್ ಬಿಲ್ಲೆ, ತಿಂಗಳುಗಟ್ಲೆ ನೂರಾರು ಹಂತ ದಾಟಬೇಕು, ಮಧ್ಯದಲ್ಲಿ ಮೆಷಿನ್ ನಿಂತ್ರೆ ಒಳಗಿರೋದು ಕೆಟ್ಟಂಗೇ. ವೆಸ್ಟರ್ನ್ ಡಿಜಿಟಲ್ ತನ್ನ ಪಾಲಿಗೇ ಸುಮಾರು 6 ಎಕ್ಸಾಬೈಟ್ ಸರಕು ಕೊರತೆ ಅಂತ ಹೇಳ್ತು. ಅಂದ್ರೆ 600 ಕೋಟಿ ಗಿಗಾಬೈಟ್. ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಅನ್ನೋದಲ್ಲ, ಆಗ ಒಳಗೇನಿತ್ತು ಅಂತ ಕೇಳ್ಬೇಕಿತ್ತು.

ಆಮೇಲೆ ಗುಜರಾತಿನ ಸಾನಂದ್. 2023ರಲ್ಲಿ ಅಮೆರಿಕದ ಮೆಮೊರಿ ಕಂಪನಿ ಮೈಕ್ರಾನ್ ಅಲ್ಲಿ ಘಟಕ ಹಾಕ್ತೀವಿ ಅಂತ ಘೋಷಣೆ ಮಾಡಿದ್ದೇ ತಡ "ಮೈಕ್ರಾನಿಂದ 275 ಕೋಟಿ ಡಾಲರ್, ಇನ್ಮೇಲೆ ನಮ್ಮಲ್ಲೇ ಚಿಪ್ ತಯಾರಿ" ಅಂತ ಟೀವೀಲಿ ಗ್ರಾಫಿಕ್ಸ್ ಹಾಕಿ ಹಿಂದೆ ಬ್ಯಾಂಡ್ ಮ್ಯೂಸಿಕ್ಕು. ಕಂಪನಿ ಕೊಡೋದು ಹೆಚ್ಚಂದ್ರೆ 82.5 ಕೋಟಿ ಡಾಲರ್ ಅಂತ ಅದೇ ಪ್ರಕಟಣೇಲಿತ್ತು, ಉಳಿದದ್ದು ಕೇಂದ್ರ ಮತ್ತೆ ರಾಜ್ಯ ಸರ್ಕಾರದ್ದು. ಅಲ್ಲಿ ಮಾಡೋದು ಜೋಡಣೆ, ಟೆಸ್ಟಿಂಗು, ಪ್ಯಾಕಿಂಗು. ವೇಫರ್ ಹೊರಗಿಂದ ಬರುತ್ತೆ. ಕಾಫಿ ಬೀಜ ತರಿಸಿ ಹುರಿದು ಪುಡಿ ಮಾಡಿದಂಗೆ, ಅದೂ ಕಷ್ಟದ ಕೆಲಸಾನೇ, ಆದ್ರೆ ತೋಟ ಇದೆ ಅನ್ಬಾರ್ದಲ್ವಾ? ಜೊತೆಗೆ ಹಾಕೋ ಫೋಟೋ ನೋಡ್ಬೇಕು, ಮೆಮೊರಿ ಸುದ್ದಿಗೆ ಪ್ರೊಸೆಸರ್ ಚಿತ್ರ, ಅದು ಲೆಕ್ಕ ಮಾಡೋ ಬೇರೆ ಚಿಪ್ಪು!

ಪ್ರಶ್ನೆ ಇದ್ರೆ ಕೇಳಿ. ಸ್ಟಿಕ್ ಹಿಂದಿನ ಬೆಂಚ್ ತನಕ ಪಾಸ್ ಮಾಡಿ, ಅಂಚಲ್ಲಿ ಹಿಡ್ಕೊಳ್ಳಿ, ಚಿನ್ನದ ಬಣ್ಣದ ಕಡೆ ಬೆರಳಿಡ್ಬೇಡಿ. ವಾಪಸ್ ಬರ್ಲಿ ಮತ್ತೆ, ಇವತ್ತಿನ ರೇಟಲ್ಲಿ ಹೊಸದು ತಗೊಳ್ಳೋಕೆ ನನ್ ಕೈಲಾಗಲ್ಲ.