ಮುಟ್ಟದೆ ಮಾಡುವ ಚಾಕರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪರೀಕ್ಷೆಗಳು ಮುಗಿದವೆಂದರೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಹೋದ ವಾರ ಡೊಂಬಿವಲಿಯಿಂದ ಒಬ್ಬರು ತಾಯಿ ಮಾತಾಡಿದರು. "ಡಾಕ್ಟ್ರೇ, ನನ್ನ ಮಗಳಿಗೆ ಪ್ರಾಣಿ ಅಂದ್ರೆ ಜೀವ. ವಿದೇಶದಲ್ಲಿ ಕಾಡುಪ್ರಾಣಿಗಳನ್ನು ಕಾಪಾಡಿ ಇಟ್ಟುಕೊಳ್ಳುವ ಜಾಗಗಳು ಇವೆಯಂತಲ್ಲ, ಅಲ್ಲಿಗೆ ಹೋಗಿ ಒಂದು ತಿಂಗಳು ಸೇವೆ ಮಾಡ್ತಾಳಂತೆ. ಅಲ್ಲಿ ಒರಾಂಗುಟಾನ್ ಮರಿ ಎತ್ತಿಕೊಳ್ಳೋಕೆ ಕೊಡ್ತಾರಾ?"

ಕೊಡಬಾರದು, ತಾಯಿ. ಕೊಟ್ಟರೆ ಆ ಜಾಗಕ್ಕೆ ಮಗಳನ್ನು ಕಳಿಸಬೇಡಿ. ಇವತ್ತು ನನಗೆ ಸಿಕ್ಕಿರುವುದು ಹತ್ತು ನಿಮಿಷ. ಈ ಒಂದು ಮಾತು ನಿಮ್ಮ ಕಿವಿಯಲ್ಲಿ ಉಳಿದರೆ ನನಗೆ ಸಾಕು: ಎತ್ತಿಕೊಳ್ಳಬೇಡಿ, ಮುಟ್ಟಬೇಡಿ.

ಯಾಕೆ? ಆ ಮರಿ ಅಲ್ಲಿಗೆ ಹೇಗೆ ಬಂತು ಎಂದು ಮೊದಲು ಕೇಳಿ. ಒರಾಂಗುಟಾನ್ ಅಂದರೆ ಮರಗಳ ಮೇಲೆ ಬದುಕುವ ದೊಡ್ಡ ವಾನರ. ಅದರ ತಾಯಿ ಏಳೆಂಟು ವರ್ಷಕ್ಕೊಮ್ಮೆ ಹೆರುತ್ತದೆ. ಅಷ್ಟೂ ವರ್ಷ ಮರಿ ಅದರ ಜೊತೆಗಿದ್ದು ಯಾವ ಹಣ್ಣು ತಿನ್ನಬೇಕು, ರಾತ್ರಿ ಮಲಗಲು ಕೊಂಬೆ ಬಗ್ಗಿಸಿ ಗೂಡು ಹೇಗೆ ಕಟ್ಟಬೇಕು ಎಂದು ಕಲಿಯುತ್ತದೆ. ಅಂಥ ತಾಯಿ ತನ್ನ ಮರಿಯನ್ನು ಬಿಟ್ಟುಕೊಡುತ್ತದೆಯೇ? ಅದನ್ನು ಕೊಂದೇ ಮರಿಯನ್ನು ಕಿತ್ತುಕೊಳ್ಳುತ್ತಾರೆ. ಕಾಡು ಕಡಿದು ಎಣ್ಣೆತಾಳೆ ನೆಟ್ಟ ಕಡೆಗಳಲ್ಲಿ ಹೀಗೆ ತಬ್ಬಲಿಯಾದ ಮರಿಗಳು ಎಷ್ಟೋ. ಅವುಗಳಿಗೆಂದೇ ಮಲೇಷ್ಯಾದ ಸಬಾ ರಾಜ್ಯದ ಸೆಪಿಲೋಕ್‌ನಲ್ಲಿ 1964ರಲ್ಲಿ ಪುನರ್ವಸತಿ ಕೇಂದ್ರ ತೆರೆದರು. ಸುತ್ತ ಸುಮಾರು 4,300 ಹೆಕ್ಟೇರ್ ರಕ್ಷಿತ ಕಾಡು. ಅಲ್ಲಿ ಹೊರಗೆ ಬಿಟ್ಟ ಪ್ರಾಣಿಗಳಿಗೆ ಅಟ್ಟಣಿಗೆಯ ಮೇಲೆ ಇಡುವ ಊಟದಲ್ಲಿ ಬೇಕೆಂದೇ ವೈವಿಧ್ಯ ಇರುವುದಿಲ್ಲ. ತಿಂದು ಬೇಸರವಾಗಿ ಕಾಡಿನೊಳಗೆ ತಾವೇ ಹುಡುಕಿಕೊಳ್ಳಲಿ ಎಂದು! ನಮ್ಮಪ್ಪ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಗಿರಾಕಿ ಮತ್ತೆ ಬರಬಾರದು ಎಂದು ಬಡಿಸುವ ಊಟವೂ ಇರುತ್ತದೆ ಎಂದಾಗ ಅವರು ನಂಬಲೇ ಇಲ್ಲ.

ನಾನು ಮುಂಬಯಿಯ ಪರೇಲಿನ ಪಶುವೈದ್ಯ ಕಾಲೇಜಿನಲ್ಲಿ ಓದಿದವಳು. ಮೂವತ್ತು ವರ್ಷ ಈ ಊರಿನ ನಾಯಿ, ಬೆಕ್ಕು, ಗೋರೆಗಾಂವ್ ತಬೇಲಾಗಳ ಎಮ್ಮೆಗಳನ್ನು ಮುಟ್ಟಿ ಮುಟ್ಟಿಯೇ ರೋಗ ಕಂಡುಹಿಡಿದವಳು. ಮುಟ್ಟದೆ ಇರುವುದನ್ನು ನನಗೆ ಒಂದು ಕರಡಿ ಕಲಿಸಿತು.

ನಿವೃತ್ತಿಯಾದ ಮೇಲೆ ಒಂದು ತಿಂಗಳು ಬೋರ್ನಿಯೋ ದ್ವೀಪದ ಒಂದು ರಕ್ಷಣಾ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿದ್ದವು ಸೂರ್ಯಕರಡಿಗಳು. ಜಗತ್ತಿನ ಎಂಟು ಜಾತಿ ಕರಡಿಗಳಲ್ಲಿ ತೀರ ಚಿಕ್ಕವು. ಎದೆಯ ಮೇಲೆ ಅರಿಶಿನ ಬಳಿದ ಹಾಗೆ ಒಂದು ಗುರುತು, ಜೇನು ನೆಕ್ಕಲು ಗೇಣುದ್ದದ ನಾಲಿಗೆ, ಮರ ಹತ್ತಲು ಕೊಕ್ಕೆಯಂಥ ಉಗುರು. ನನ್ನ ಪಾಲಿಗೆ ಬಂದವನು ಆರು ವರ್ಷದ ಗಂಡು. ಮರಿಯಾಗಿದ್ದಾಗಿನಿಂದ ಯಾರದೋ ಮನೆಯ ಹಿತ್ತಿಲಲ್ಲಿ, ಸಿಮೆಂಟು ನೆಲದ ಬೋನಿನಲ್ಲಿ ಬೆಳೆದಿದ್ದ. ಮನುಷ್ಯರು ಕಂಡರೆ ಸರಳುಗಳ ನಡುವೆ ಕೈ ಚಾಚುತ್ತಿದ್ದ. ಏನೂ ಸಿಗದಿದ್ದರೆ ತನ್ನ ಪಂಜವನ್ನೇ ಚೀಪುತ್ತ ಕೂರುತ್ತಿದ್ದ, ಕೂಸು ಬೆರಳು ಚೀಪುವ ಹಾಗೆ.

ಬೆಳಿಗ್ಗೆ ಎಂಟಕ್ಕೆ ಅವನ ಬೋನಿನ ಹಿಂಬಾಗಿಲು ತೆರೆಯುತ್ತಿದ್ದರು. ಹೊರಗೆ ಬೇಲಿ ಹಾಕಿದ ಕಾಡು, ಹುಲ್ಲು, ಮರ. ಅವನು ಹೊಸ್ತಿಲವರೆಗೆ ಬಂದು ಮೂಸುತ್ತಿದ್ದ. ಒಂದು ಕಾಲು ಹುಲ್ಲಿಗೆ ತಾಗಿಸಿ, ಕಾದ ಕಾವಲಿ ಮುಟ್ಟಿದವರಂತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಕೇಳುಗರೆ, ಕಾಡಿನಲ್ಲಿ ಹುಟ್ಟಿದ ಕರಡಿಗೆ ಮಣ್ಣಿನ ಭಯ! ಮೊದಲ ದಿನ ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ನನ್ನ ಕೆಲಸ ಏನು ಗೊತ್ತೇ? ಅರ್ಧ ತೆಂಗಿನ ಚಿಪ್ಪಿಗೆ ಜೇನು ಸವರುವುದು. ಅವನನ್ನು ಒಳಗೆ ಹಾಕಿ ಬಾಗಿಲು ಮುಚ್ಚಿರುವಾಗ ಆ ಚಿಪ್ಪನ್ನು ಹೊಸ್ತಿಲ ಆಚೆ ಇಡುವುದು. ಆಮೇಲೆ ಗೋಡೆಯ ಹಿಂದೆ ಹೋಗಿ ಉಸಿರು ಬಿಗಿಹಿಡಿದು ಕೂರುವುದು. ಅವನ ಕೈಗೆ ಎಟುಕಿದರೆ ಮರುದಿನ ಒಂದು ಗೇಣು ಮುಂದೆ. ಇಷ್ಟೇ.

ನಾಲ್ಕನೇ ದಿನ ನನ್ನಿಂದ ತಡೆಯಲಾಗಲಿಲ್ಲ. ಅವನು ಹೊಸ್ತಿಲಲ್ಲಿ ನಿಂತಿದ್ದಾಗ ಗೋಡೆಯ ಹಿಂದಿನಿಂದ ಮೆಲ್ಲಗೆ "ಬಾ ಮಗಾ, ಹೋಗು" ಎಂದುಬಿಟ್ಟೆ. ದನಿ ಕೇಳಿದ್ದೇ ತಡ, ಹೊಸ್ತಿಲು ಬಿಟ್ಟು ಒಳಗೋಡಿ ಬಂದ. ನನ್ನ ಕಡೆಯ ಸರಳಿಗೆ ಮುಖ ಒತ್ತಿ ಕೈ ಚಾಚಿದ. ಆ ದಿನ ಮತ್ತೆ ಬಾಗಿಲ ಕಡೆ ತಿರುಗಲಿಲ್ಲ. ಅಲ್ಲಿನ ಮೇಲ್ವಿಚಾರಕ ನನ್ನ ಮಗನ ವಯಸ್ಸಿನ ಸ್ಥಳೀಯ ಹುಡುಗ. ಬೈಯಲಿಲ್ಲ. "ಡಾಕ್ಟರ್, ನೀವು ಮಾತಾಡಿದರೆ ಅವನು ನಿಮ್ಮ ಕಡೆ ಬರುತ್ತಾನೆ. ನಮಗೆ ಅವನು ಆ ಕಡೆ ಹೋಗಬೇಕು" ಎಂದು ಕಾಡಿನತ್ತ ತೋರಿಸಿದ. ಆಮೇಲೆ ಮೂರು ದಿನ ಚಿಪ್ಪನ್ನು ಮತ್ತೆ ಹೊಸ್ತಿಲಿಗೇ ತರಬೇಕಾಯಿತು. ನನ್ನ ಒಂದು ಮುದ್ದಿನ ಮಾತಿಗೆ ಅವನು ತೆತ್ತ ಬೆಲೆ ಅದು.

ಇಪ್ಪತ್ಮೂರನೆಯ ದಿನ. ರಾತ್ರಿಯೆಲ್ಲ ಮಳೆ ಹೊಯ್ದಿತ್ತು. ನಾನು ಗೋಡೆಯ ಹಿಂದೆ, ಹುಡುಗ ಕಿಂಡಿಯಲ್ಲಿ. ಬಹಳ ಹೊತ್ತು ಸದ್ದೇ ಇಲ್ಲ. ಹುಡುಗ ನನಗೆ ಒಂದು ಬೆರಳು ತೋರಿಸಿದ. ಆಮೇಲೆ ಎರಡು. ಮೂರು. ನಾಲ್ಕು! ನಾಲ್ಕೂ ಕಾಲು ಮಣ್ಣಿನ ಮೇಲೆ. ಸ್ವಲ್ಪ ಹೊತ್ತಿಗೆ ಕೊಳೆತ ಮರದ ದಿಮ್ಮಿಯನ್ನು ಪರಪರ ಸಿಗಿಯುವ ಸದ್ದು. ಅಲ್ಲಿ ಗೆದ್ದಲು ಇರುತ್ತವೆ ಎಂದು ಅವನಿಗೆ ಯಾರು ಹೇಳಿದರು!

ನಾನು ಅದನ್ನು ಕಣ್ಣಾರೆ ನೋಡಲಿಲ್ಲ. ಎದ್ದು ನಿಂತರೆ ಅವನು ತಿರುಗಿ ಬರುತ್ತಿದ್ದ. ಸದ್ದಿಲ್ಲದೆ ಅಡುಗೆಕೋಣೆಗೆ ಹೋಗಿ ಗೆಣಸು ಹೆಚ್ಚುತ್ತ ಅತ್ತುಬಿಟ್ಟೆ. ಸಂಜೆ ಅವನನ್ನು ಒಳಗೆ ಕರೆದುಕೊಂಡ ಮೇಲೆ ಹೋಗಿ ನೋಡಿದೆ. ಕೆಸರಿನಲ್ಲಿ ಹೆಜ್ಜೆಗಳು. ಅವುಗಳ ಫೋಟೋ ಒಂದೇ ನಾನು ಅಲ್ಲಿಂದ ತಂದದ್ದು.

ಅಯ್ಯೋ, ಕರಡಿಯ ಕತೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ನಮ್ಮ ನೆಗಡಿ, ಕ್ಷಯ ವಾನರಗಳಿಗೆ ಹರಡುತ್ತವೆ. ಆದ್ದರಿಂದ ಒಳ್ಳೆಯ ಕೇಂದ್ರ ನಿಮ್ಮ ಆರೋಗ್ಯ ತಪಾಸಣೆಯ ಕಾಗದ ಕೇಳುತ್ತದೆ. ಕೇಳಿದರೆ ಬೇಸರ ಮಾಡಬೇಡಿ, ಸಂತೋಷಪಡಿ. ಮರಿಗೆ ಬಾಟಲಿ ಹಾಲು ಕುಡಿಸಿ, ಹುಲಿಮರಿ ಸಿಂಹದಮರಿ ಮುದ್ದಿಸಿ ಎಂದು ಜಾಹೀರಾತು ಕೊಡುವವರಿಂದ ದೂರವಿರಿ. ನನ್ನ ಪರಿಚಯದ ಒಬ್ಬ ಹುಡುಗ ಅಂಥ ಒಂದು ಕಡೆ ದುಡ್ಡು ಸುರಿದು ಬಂದ. ಮರಿಗಳು ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ ಅಲ್ಲಿ ಯಾರೂ ಬಾಯಿ ಬಿಡಲಿಲ್ಲವಂತೆ. ನೀವು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಕೋಸ್ಟರಿಕಾದ ಸ್ಲಾತ್ ನೋಡಿರಬಹುದು, ಮರಕ್ಕೆ ತಲೆಕೆಳಗಾಗಿ ನೇತಾಡುವ ಸೋಮಾರಿ ಪ್ರಾಣಿ. ಅದರ ಮುಖದ ಗೆರೆಯೇ ನಗುವಿನಂತೆ. ಹೆದರಿ ನಡುಗುವಾಗಲೂ ಅದೇ ಮುಖ. 2019ರಲ್ಲಿ ಆ ದೇಶದ ಸರಕಾರವೇ ಕಾಡುಪ್ರಾಣಿ ಹಿಡಿದು ಸೆಲ್ಫಿ ತೆಗೆಯಬೇಡಿ ಎಂದು ಪ್ರಚಾರ ಮಾಡಿತು. ನಿಮ್ಮ ಫೋಟೋ ನೋಡಿದವರಿಗೆ ತಮಗೂ ಒಂದು ಮರಿ ಬೇಕೆನಿಸುತ್ತದೆ. ನಮ್ಮ ಮುಂಬಯಿ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕಿನಿಂದ ಬಂದವರ ಚೀಲಗಳಲ್ಲಿ ಗಿಬ್ಬನ್ ಎಂಬ ಪುಟ್ಟ ವಾನರಗಳು ಸಿಕ್ಕಿಲ್ಲವೇ?

ವೀಸಾ ವಿಷಯ: ಸಂಬಳವಿಲ್ಲದಿದ್ದರೂ ಕೆಲಸ ಕೆಲಸವೇ. ಥಾಯ್ಲೆಂಡಿನಲ್ಲಿ ಸ್ವಯಂಸೇವಕರಿಗೂ ಪರವಾನಗಿ ಬೇಕು. ಪ್ರವಾಸಿ ವೀಸಾ ಸಾಕು ಎಂದು ಏಜೆಂಟ್ ಹೇಳಿದರೆ ನಂಬಬೇಡಿ, ಕೇಂದ್ರದಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಹುಚ್ಚುನಾಯಿ ರೋಗದ ಲಸಿಕೆ ಹೊರಡುವ ಮೊದಲೇ ಆಗಲಿ. ಬೊಲಿವಿಯಾ, ಪೆರು ಕಡೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ.

ಡೊಂಬಿವಲಿಯ ತಾಯಿಯವರೆ, ನೀವು ಕೇಳುತ್ತಿದ್ದರೆ ನಿಮಗೊಂದು ಮಾತು. ಮಗಳನ್ನು ನಾಳೆ ಬೆಳಿಗ್ಗೆ ಐದೂವರೆಗೆ ಎಬ್ಬಿಸಿ. ಮುಂದೆ ಹತ್ತು ಕಿಲೋ ಕುಂಬಳಕಾಯಿ, ಒಂದು ಕತ್ತಿ ಇಡಿ. ಹೆಚ್ಚಿ ಮುಗಿಸಿ, ನೆಲ ತೊಳೆದು, ನಾಡಿದ್ದೂ ತಾನಾಗಿಯೇ ಎದ್ದು ಬಂದು ಕೂತಳೋ, ನನಗೆ ಫೋನ್ ಮಾಡಿಸಿ. ಯಾವ ಕೇಂದ್ರ, ಯಾವ ತಿಂಗಳು ಎಂದು ಇಬ್ಬರೂ ಕೂತು ನೋಡುತ್ತೇವೆ.

ನಮಸ್ಕಾರ.