ನಡುವಿನ ಆಲ್ಬಮ್ ಕೇಳುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ರಾಕ್ ಸಂಗೀತದ್ದು. ಅದರಲ್ಲೂ ಒಂದೇ ಒಂದು ಆಲ್ಬಮಿನದ್ದು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ 1971ರಲ್ಲಿ ಹೊರತಂದ ‘ಮೆಡಲ್’. ಹಾಸ್ಟೆಲ್ ರೂಮಿನಲ್ಲಿ ಗಿಟಾರ್ ಹಿಡಿದು ಕೂಡುವ ನಮ್ಮ ಹುಡುಗ ಹುಡುಗಿಯರು ಈ ಆಲ್ಬಮ್ ಬಗ್ಗೆ ಮೂರು ಮಾತು ಹೇಳ್ತಾರೆ. ಆಗ ಆಲ್ಬಮ್ ಬರ್ತಿದ್ದದ್ದು ಎರಡು ಬದಿಯ ತಟ್ಟೆಯಲ್ಲಿ. ಒಂದು, ಮೊದಲ ಬದಿಯ ಹಾಡುಗಳಲ್ಲಿ ದಮ್ಮಿಲ್ಲ. ಎರಡು, ಎರಡನೇ ಬದಿಯ ‘ಎಕೋಸ್’ ಭಾಳ ಉದ್ದ. ಮೂರು, ಇದು ಮುಂದೆ ಬಂದ ‘ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮಿಗೆ ಮಾಡಿದ ತಾಲೀಮು, ಅಷ್ಟೇ.

ಈ ಮೂರೂ ಮಾತು ಬರೋದು ಒಂದೇ ಕಾರಣಕ್ಕೆ. ಆಲ್ಬಮನ್ನು ಅದರ ಹಿಂದಿನದು, ಮುಂದಿನದು ಬಿಟ್ಟು ಒಂಟಿಯಾಗಿ ಕೇಳ್ತಾರೆ. ದಯವಿಟ್ಟು ಹಾಗೆ ಮಾಡಬೇಡ್ರಿ. ಒಂದು ತಂಡ ದಾರಿ ಬದಲಿಸುವಾಗ ಮಾಡಿದ ಆಲ್ಬಮನ್ನು ಸಾಲಾಗಿ ಕೇಳಬೇಕು: ಹಿಂದಿನದು, ಇದು, ಮುಂದಿನದು. ಆಮೇಲೆ ಅಭಿಪ್ರಾಯ ಹೇಳ್ರಿ.

ಸಾಲು ಹೀಗೆ. ಮೊದಲು 1970ರ ‘ಆಟಮ್ ಹಾರ್ಟ್ ಮದರ್’. ನಂತರ 1971ರ ‘ಮೆಡಲ್’. ಕೊನೆಗೆ 1973ರ ‘ಡಾರ್ಕ್ ಸೈಡ್’. ನಡುವೆ 1972ರಲ್ಲಿ ಒಂದು ಸಿನಿಮಾಕ್ಕೆ ಮಾಡಿಕೊಟ್ಟ ಆಲ್ಬಮ್ ಇದೆ, ಅದನ್ನು ಸದ್ಯಕ್ಕೆ ಬಿಡ್ರಿ. ಮೂರೂ ಸೇರಿ ಸುಮಾರು 2 ಗಂಟೆ 20 ನಿಮಿಷ. ಒಂದು ಸಿನಿಮಾ ನೋಡುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ.

ಹಿಂದಿನದನ್ನು ಕೇಳಿದರೆ ಏನು ತಿಳೀತದೆ? 1970ರ ಆಲ್ಬಮಿನಲ್ಲಿ ಒಂದು ಇಡೀ ಬದಿ, ಸುಮಾರು 24 ನಿಮಿಷ, ಒಂದೇ ರಚನೆ. ಅದನ್ನು ತುಂಬಿಸಲು ತಂಡ ಹೊರಗಿನಿಂದ ಹಿತ್ತಾಳೆ ವಾದ್ಯದವರನ್ನು ಕರೆಸಿತು, ಮೇಳಗಾಯಕರನ್ನು ಕರೆಸಿತು, ಅವರೆಲ್ಲರಿಗೆ ಸ್ವರ ಬರೆದುಕೊಡಲು ರಾನ್ ಗೀಸಿನ್ ಅನ್ನೋ ಸಂಯೋಜಕನನ್ನು ಹಿಡಿಯಿತು. ಆ ಆಲ್ಬಮ್ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಮರುವರ್ಷ ಅದೇ ತಂಡ ಮತ್ತೆ ಒಂದು ಇಡೀ ಬದಿಯ ರಚನೆ ಮಾಡಿತು, 23 ನಿಮಿಷದ ‘ಎಕೋಸ್’. ಈ ಸಲ ಹೊರಗಿನವರು ಒಬ್ಬರೂ ಇಲ್ಲ. ರೋಜರ್ ವಾಟರ್ಸ್, ಡೇವಿಡ್ ಗಿಲ್ಮರ್, ರಿಚರ್ಡ್ ರೈಟ್, ನಿಕ್ ಮೇಸನ್, ಈ ನಾಲ್ವರೇ. ತಂಡ ಬದಲಾದದ್ದು ಇಲ್ಲೇ ನೋಡ್ರಿ. ‘ಮೆಡಲ್’ ಒಂದನ್ನೇ ಕೇಳಿದವರಿಗೆ ಇದು ಕಾಣೋದೇ ಇಲ್ಲ.

ಈಗ ‘ಎಕೋಸ್’ ಹುಟ್ಟಿದ ಬಗೆ ಹೇಳ್ತೀನಿ. ಇದು ಗೊತ್ತಾದರೆ ಉದ್ದ ಅನ್ನೋ ದೂರು ಅರ್ಧ ಕಡಿಮೆ ಆಗ್ತದೆ.

1971ರ ಆರಂಭದಲ್ಲಿ ನಾಲ್ವರೂ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊಕ್ಕೆ ಹೋದಾಗ ಕೈಯಲ್ಲಿ ಒಂದು ಹಾಡೂ ತಯಾರಿರಲಿಲ್ಲ. ತೋಚಿದ್ದನ್ನೆಲ್ಲ ತುಣುಕು ತುಣುಕಾಗಿ ಟೇಪಿಗೆ ಹಿಡಿದರು. ಆ ತುಣುಕುಗಳಿಗೆ ಇಟ್ಟ ಹೆಸರೇ ‘ನಥಿಂಗ್’, ಅಂದರೆ ಏನೂ ಇಲ್ಲ. ಏನೂ ಇಲ್ಲ ಒಂದು, ಏನೂ ಇಲ್ಲ ಎರಡು, ಹೀಗೆ 24ರ ತನಕ. ಅವುಗಳ ನಡುವೆ ಒಂದು ಸ್ವರ ಇತ್ತು. ರೈಟ್ ಪಿಯಾನೊದ ಮೇಲಿನ ಕಡೆ ಒಂದೇ ಕೀಲಿ ಒತ್ತಿದ್ದ. ಆ ಪಿಯಾನೊ ಮುಂದೆ ಮೈಕ್ ಇಟ್ಟು, ಅದರ ಶಬ್ದವನ್ನು ಲೆಸ್ಲಿ ಅನ್ನೋ ಸ್ಪೀಕರ್ ಪೆಟ್ಟಿಗೆಗೆ ಹಾಯಿಸಿದ್ದರು. ಲೆಸ್ಲಿ ಪೆಟ್ಟಿಗೆಯೊಳಗೆ ಮೋಟಾರ್ ಇರ್ತದೆ, ಅದು ಶಬ್ದ ಹೊರಬರುವ ಕೊಂಬನ್ನು ಗಿರಗಿರ ತಿರುಗಿಸ್ತದೆ. ಶಬ್ದ ಒಮ್ಮೆ ನಮ್ಮ ಕಡೆ ಬರ್ತದೆ, ಒಮ್ಮೆ ಆಚೆ ಹೋಗ್ತದೆ. ಅದಕ್ಕೇ ಸ್ವರ ನಡುಗ್ತದೆ. ಅದರ ಮೇಲೆ ಬಿನ್ಸನ್ ಎಕೋರೆಕ್ ಅನ್ನೋ ಇಟಲಿಯ ಪ್ರತಿಧ್ವನಿ ಯಂತ್ರ. ಅದರಲ್ಲಿ ಟೇಪ್ ಇಲ್ಲ, ಕಾಂತದ ಚಕ್ರವೊಂದು ತಿರುಗ್ತಿರ್ತದೆ. ಒಂದು ಹೆಡ್ ಶಬ್ದವನ್ನು ಬರೀತದೆ, ಸುತ್ತ ಇರುವ ನಾಲ್ಕು ಹೆಡ್ ಒಂದರ ಹಿಂದೊಂದು ಓದ್ತವೆ. ಇಷ್ಟೆಲ್ಲ ದಾಟಿ ಬಂದದ್ದು ನೀರಿನಾಳದಿಂದ ಬಂದಂಥ ಒಂದು ‘ಪಿಂಗ್’.

ಆಮೇಲೆ ನಡೆದದ್ದೇ ಸ್ವಾರಸ್ಯ. ರಚನೆ ರೂಪ ತಗೊಂಡ ಮೇಲೆ ಆ ಸ್ವರವನ್ನು ಚೊಕ್ಕವಾಗಿ ಹೊಸದಾಗಿ ಹಿಡೀಬೇಕು ಅಂತ ಕೂತರು. ಪಿಯಾನೊ ಇತ್ತು, ಲೆಸ್ಲಿ ಇತ್ತು, ನುಡಿಸುವ ಕೈಯೂ ಅದೇ. ಸ್ವರ ಮಾತ್ರ ಹೊಳ್ಳಿ ಬರಲಿಲ್ಲ. ಪಿಯಾನೊಕ್ಕೂ ಪೆಟ್ಟಿಗೆಗೂ ನಡುವೆ ಆವತ್ತು ಹುಟ್ಟಿದ ಅನುರಣನ ಮತ್ತೆ ಕೂಡಲೇ ಇಲ್ಲ. ಕೊನೆಗೆ ಹಳೆಯ ಕಚ್ಚಾ ಟೇಪಿನ ಸ್ವರವನ್ನೇ ಉಳಿಸಿಕೊಂಡು, ಅದರಿಂದ ಹೊಸ ಟೇಪಿಗೆ ನಯವಾಗಿ ದಾಟಿದರು. ನೀವು ಕೇಳೋ ಆ ಮೊದಲ ಸ್ವರ ಪ್ರಯೋಗ ಮಾಡುತ್ತಾ ಸಿಕ್ಕದ್ದು. ನಂತರದ 23 ನಿಮಿಷ ನಿಂತಿರೋದು ಅದರ ಮೇಲೆ.

ಇನ್ನೊಂದು, ಇದೂ ಸಿಕ್ಕದ್ದೇ. ಸುಮಾರು 11ನೇ ನಿಮಿಷಕ್ಕೆ ತಾಳ ಕರಗಿ ಗಾಳಿ ಬೀಸ್ತದೆ, ಅದರೊಳಗೆ ತಿಮಿಂಗಿಲವೋ ಕಡಲಹಕ್ಕಿಯೋ ಕೂಗಿದಂಥ ಚೀತ್ಕಾರ. ಅದು ಪ್ರಾಣಿಯಲ್ಲ, ಗಿಟಾರ್. ಕಾಲಿನಿಂದ ಒತ್ತಿ ಗಿಟಾರ್ ದನಿ ಬದಲಿಸುವ ವಾ-ವಾ ಪೆಡಲ್‌ಗೆ ಎರಡು ತೂತು ಇರ್ತವೆ, ಒಂದಕ್ಕೆ ಗಿಟಾರ್ ವೈರು, ಇನ್ನೊಂದಕ್ಕೆ ಆಂಪ್ಲಿಫೈಯರ್ ವೈರು. ಯಾರೋ ಗಡಿಬಿಡಿಯಲ್ಲಿ ಉಲ್ಟಾ ಹಾಕಿದ್ದರು. ಹಾಗೆ ಹಾಕಿದರೆ ತಂತಿ ಮೀಟಬೇಕಿಲ್ಲ, ಪೆಡಲ್ ತಾನೇ ಊಳಿಡ್ತದೆ. ಗಿಟಾರಿನ ಟೋನ್ ಗುಂಡಿ ತಿರುಗಿಸಿದಂತೆ ಊಳು ಮೇಲೆ ಕೆಳಗೆ ಆಗ್ತದೆ. ಗಿಲ್ಮರ್ ಆ ತಪ್ಪನ್ನು ನೆನಪಿಟ್ಟುಕೊಂಡು, ಇಲ್ಲಿ ಬೇಕಂತಲೇ ಬಳಸಿದ. ಮನೆಯಲ್ಲಿ ಪ್ರಯತ್ನ ಮಾಡೋರು ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡ್ರಿ. ಊಳು ಒಮ್ಮೆಲೇ ಎದ್ದು ಕಿವಿಗೆ ಬಡೀತದೆ. ಎಲ್ಲ ಪೆಡಲ್‌ನಲ್ಲಿ ಇದು ಆಗೋದೂ ಇಲ್ಲ.

ಈ 11ರಿಂದ 15ನೇ ನಿಮಿಷದ ಭಾಗಕ್ಕೇ ಜನ ಬೇಸರ ಪಡೋದು. ‘ಏನೂ ನಡೆಯಲ್ಲ’ ಅಂತಾರೆ. ನಡೀತದೆ. ಗಾಳಿ ಇಳಿದಾಗ, ಸುಮಾರು 15ನೇ ನಿಮಿಷಕ್ಕೆ, ಅದೇ ಪಿಂಗ್ ವಾಪಸ್ ಬರ್ತದೆ. ನಡುವಿನ ನಾಲ್ಕು ನಿಮಿಷ ಓಡಿಸಿ ಮುಂದೆ ಹೋದವರಿಗೆ ಅದು ಬರೀ ಒಂದು ಪಿಯಾನೊ ಶಬ್ದ. ಕಾದು ಕೂತವರಿಗೆ ಮೈ ಜುಮ್ಮೆನ್ನುತ್ತದೆ. ಮತ್ತೆ ನಮ್ಮ ಭಾಗದವರು ಉದ್ದ ಅಂತ ದೂರೋದು ಸರಿಯೇ ಅಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡ್ತಾ ಏಕತಾರಿ ಹಿಡಿದು ಬೆಳತನಕ ಭಜನೆಗೆ ಕೂಡುವ ಊರುಗಳಿವು. ಬಂದೇನವಾಜರ ದರ್ಗಾದಲ್ಲಿ ಕವಾಲಿ ಕೇಳಿ ಬೆಳೆದವರು ನಾವು. ಒಂದೇ ಸಾಲು ಮತ್ತೆ ಮತ್ತೆ ಬಂದು ಏರೋದು ನಮಗೆ ಹೊಸದೇನಲ್ಲ. 23 ನಿಮಿಷ ಏನು ಮಹಾ?

ಕೇಳುವ ವ್ಯವಸ್ಥೆ ಮಾತ್ರ ಸರಿ ಇರಬೇಕು. ಪಿಂಗ್ ಶುರುವಾಗೋದು ಭಾಳ ಸಣ್ಣ ಶಬ್ದದಲ್ಲಿ, ನಡುನಡುವೆ ಮೌನ. ಬೇಸಿಗೆಯಲ್ಲಿ ಕೂಲರ್ ಹಚ್ಚಿಕೊಂಡು ಕೇಳಿದರೆ ಮೊದಲ ನಿಮಿಷ ಪೂರ್ತಿ ಕೂಲರಿನ ಸದ್ದಿಗೆ ಹೋಗ್ತದೆ. ಮೇ ತಿಂಗಳಲ್ಲಿ ಕೂಲರ್ ಬಂದ್ ಮಾಡ್ರಿ ಅಂತ ನಾನು ಹೇಳಲಾರೆ. ರಾತ್ರಿ ಮಾಳಿಗೆ ಮೇಲೆ ಹೋಗ್ರಿ, ಇಲ್ಲಾ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕ್ರಿ. ಮೊಬೈಲನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಕೇಳೋದು ಬೇಡವೇ ಬೇಡ. ಎಡ ಬಲ ಎರಡೂ ಒಂದಾಗಿಬಿಡ್ತವೆ. ಮೊದಲ ಹಾಡು ‘ಒನ್ ಆಫ್ ದೀಸ್ ಡೇಸ್’ ಇದೆಯಲ್ಲ, ಅದರಲ್ಲಿ ಇಬ್ಬರು ಬಾಸ್ ಗಿಟಾರ್ ನುಡಿಸ್ತಾರೆ. ಮೊದಲು ಒಂದು ಕಿವಿಯಲ್ಲಿ ಗಿಲ್ಮರ್, ಆಮೇಲೆ ಇನ್ನೊಂದು ಕಿವಿಯಲ್ಲಿ ವಾಟರ್ಸ್. ಎರಡನೇ ಗಿಟಾರಿಗೆ ಹೊಸ ತಂತಿ ಇರಲಿಲ್ಲ, ಅದಕ್ಕೇ ಅದು ಮಂಕಾಗಿ ಕೇಳಿಸ್ತದೆ. ಲೋಟದೊಳಗೆ ಇದೆಲ್ಲಿ ತಿಳೀತದೆ?

ಆ್ಯಪಿನಲ್ಲಿ ಶಫಲ್ ತೆಗೀರಿ. ಹಾಡುಗಳ ನಡುವೆ ಅಂತರ ಬಿಡುವ ಸೆಟ್ಟಿಂಗ್ ಇದ್ದರೆ ಅದನ್ನೂ ತೆಗೀರಿ. ಮೊದಲ ಹಾಡಿನ ಗಾಳಿಯೇ ಎರಡನೇ ಹಾಡಿಗೆ ಕರೆದೊಯ್ತದೆ, ನಡುವೆ ಕತ್ತರಿ ಬಿದ್ದರೆ ಎರಡೂ ಕೆಡ್ತವೆ. ಜಾಹೀರಾತು ಬರುವ ಉಚಿತ ಆ್ಯಪಿನಲ್ಲಂತೂ ಈ ಆಲ್ಬಮ್ ಕೇಳಲೇಬೇಡ್ರಿ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳ್ತೀನಿ. ಮೊದಲ ಬದಿಯ ಕೊನೆಯಲ್ಲಿ ‘ಷೇಮಸ್’ ಅಂತ ಎರಡು ನಿಮಿಷದ ಹಾಡು, ನಾಯಿ ಊಳಿಡುವುದು. ಅದು ದುರ್ಬಲ, ಒಪ್ಪುವ ಮಾತು. ಆದರೆ ಅದನ್ನು ನೋಡಿ ಇಡೀ ಬದಿಯನ್ನು ತೆಗೆದುಹಾಕಬೇಡ್ರಿ. ‘ಫಿಯರ್‌ಲೆಸ್’ ಹಾಡಿನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳ ಹಾಡುವ ಧ್ವನಿಯನ್ನು ಸೇರಿಸಿದ್ದಾರೆ. ಮೊದಲ ಹಾಡಿನಲ್ಲಿ ಮೇಸನ್ ಹೇಳುವ ಒಂದೇ ಒಂದು ಮಾತು ಇದೆ, ವಿಕಾರ ಮಾಡಿದ ದನಿ. ಇವೆರಡನ್ನೂ ನೆನಪಿಟ್ಟುಕೊಂಡು 1973ರ ಆಲ್ಬಮ್ ಹಾಕ್ರಿ. ಅಲ್ಲಿ ಹಾಡುಗಳ ನಡುವೆ ಉದ್ದಕ್ಕೂ ಮನುಷ್ಯರ ಮಾತು, ನಗು ಹರಡಿದೆ. ‘ಎಕೋಸ್’ನಲ್ಲಿ ಗಿಲ್ಮರ್ ಮತ್ತು ರೈಟ್ ಜೊತೆಯಾಗಿ ಹಾಡಿದ ದನಿಗಳು ಅಲ್ಲಿ ‘ಟೈಮ್’ ಹಾಡಿನಲ್ಲಿ ಪಾಲು ಹಂಚಿಕೊಂಡಿವೆ. ತಾಲೀಮು ಅನ್ನೋರಿಗೆ ನನ್ನ ಉತ್ತರ ಇದೇ: ತಾಲೀಮಿನಲ್ಲಿ ಗೊತ್ತಿರೋದನ್ನು ಮತ್ತೆ ಮಾಡ್ತಾರೆ. ಇಲ್ಲಿ ಈ ನಾಲ್ವರು ತಮಗೆ ಗೊತ್ತಿಲ್ಲದ್ದನ್ನು ಹುಡುಕಿದ್ದಾರೆ. ಆ ಕಾಲದ ಕೇಳುಗರೂ ಇದನ್ನು ಒಟ್ಟಿಗೆ ಹಿಡಿಯಲಿಲ್ಲ. ಬ್ರಿಟನ್ನಿನಲ್ಲಿ 3ನೇ ಸ್ಥಾನ, ಅಮೆರಿಕದಲ್ಲಿ ಬರೀ 70. ಅವರ ಕೈಯಲ್ಲಿ ಆಗ ಮುಂದಿನ ಆಲ್ಬಮ್ ಇರಲಿಲ್ಲ. ನಿಮ್ಮ ಕೈಯಲ್ಲಿ ಇದೆ. ಸಾಲಾಗಿ ಕೇಳ್ರಿ, ಹಿಂದಿನದು, ಇದು, ಮುಂದಿನದು.

ಕೊನೆಯದಾಗಿ ಒಂದು ಸೂಚನೆ. 1971ರ ಅಕ್ಟೋಬರಿನಲ್ಲಿ ಇಟಲಿಯ ಪೊಂಪೇ ಊರಿನ ಪುರಾತನ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರೇ ಇಲ್ಲದೆ ಈ ತಂಡ ನುಡಿಸಿದ್ದನ್ನು ಚಿತ್ರೀಕರಿಸಿದ್ದಾರೆ. ಅದರಲ್ಲಿ ‘ಎಕೋಸ್’ ಎರಡು ಹೋಳಾಗಿದೆ, ಅರ್ಧ ಚಿತ್ರದ ಶುರುವಿಗೆ, ಅರ್ಧ ಕೊನೆಗೆ. ಅದಕ್ಕೇ ಚಿತ್ರವನ್ನು ಮೊದಲು ನೋಡಬೇಡ್ರಿ. ಮೂರು ಆಲ್ಬಮ್ ಮುಗಿದ ಮೇಲೆ ನೋಡ್ರಿ.

ನಮಸ್ಕಾರ.